ಪ್ರಿಯಸ್ ಪ್ರೈಮ್‌ನ ಸೌರ ಚಾವಣಿ: ಮರುಭೂಮಿಯ ಬಿಸಿಲಿನಲ್ಲಿ ಬಳಸಿದ ಮೇಲೆ

ಪೆಟ್ರೋಲಿನ ಜೊತೆಗೆ ಪ್ಲಗ್ ಹಾಕಿ ತುಂಬಿದ ವಿದ್ಯುತ್ತಿನಿಂದಲೂ ಓಡುವ ಟೊಯೋಟಾದ ಪ್ಲಗ್-ಇನ್ ಹೈಬ್ರಿಡ್ ಕಾರು ಪ್ರಿಯಸ್ ಪ್ರೈಮ್‌ನ ಈಗಿನ ಮಾದರಿ 2023ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ, ಅದರ ಎಲ್ಲಕ್ಕಿಂತ ದುಬಾರಿ ಶ್ರೇಣಿಯಾದ ಎಕ್ಸ್‌ಎಸ್‌ಇ ಪ್ರೀಮಿಯಂ ಕೊಳ್ಳುವವರು 610 ಡಾಲರ್ ಹೆಚ್ಚಿಗೆ ಕೊಟ್ಟರೆ ಕಾರಿನ ಚಾವಣಿಯ ಮೇಲೆ 185 ವ್ಯಾಟ್‌ನ ಸೌರಫಲಕವನ್ನು ಕಾರ್ಖಾನೆಯಲ್ಲೇ ಕೂರಿಸಿಕೊಡುವ ಅವಕಾಶವಿತ್ತು. 2025ರ ಮಾದರಿಯಿಂದ ಕಾರಿನ ಹೆಸರು ಪ್ರಿಯಸ್ ಪ್ಲಗ್-ಇನ್ ಹೈಬ್ರಿಡ್ ಎಂದಾಗಿದೆ. ನಾನಿರುವುದು ಅರಿಜೋನಾದ ಫೀನಿಕ್ಸ್ ನಗರಕ್ಕೆ ಅಂಟಿಕೊಂಡಿರುವ ಚಾಂಡ್ಲರ್‌ನಲ್ಲಿ. ವರ್ಷದ ಬಹುಪಾಲು ದಿನ ಮೋಡವೇ ಕಾಣದ ಈ ಊರಿನಲ್ಲಿ ಇಂಥ ಚಾವಣಿ ಇರುವ ಕಾರನ್ನು ಕಂಡ ಕನ್ನಡಿಗ ಸ್ನೇಹಿತರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇಷ್ಟು ಬಿಸಿಲಿರುವಾಗ ಕಾರು ತನ್ನಷ್ಟಕ್ಕೆ ತಾನೇ ಚಾರ್ಜ್ ಆಗಿಬಿಡುತ್ತದೆಯೇ? ಆಗುವುದಿಲ್ಲ. ಎಷ್ಟು ಆಗುತ್ತದೆ, ಅದರಿಂದ ಯಾರಿಗೆ ಪ್ರಯೋಜನ, ಬಿಸಿಲು ಹೆಚ್ಚಿರುವ ಊರಿನಲ್ಲೇ ಇದು ಏಕೆ ಅಂದುಕೊಂಡಷ್ಟು ಫಲ ಕೊಡುವುದಿಲ್ಲ ಎಂಬುದನ್ನು ಬಳಕೆಯ ಅನುಭವದ ಜೊತೆಗೆ ಲೆಕ್ಕವನ್ನೂ ಇಟ್ಟು ಹೇಳುವುದು ಈ ವಿಮರ್ಶೆಯ ಉದ್ದೇಶ.

ಈ ಕಲ್ಪನೆ ಟೊಯೋಟಾಕ್ಕೆ ಹೊಸದಲ್ಲ. 2009ರಲ್ಲಿ ಬಂದ ಮೂರನೆಯ ತಲೆಮಾರಿನ ಪ್ರಿಯಸ್‌ನಲ್ಲೇ ಕ್ಯೋಸೆರಾ ಸಂಸ್ಥೆ ತಯಾರಿಸಿದ ಸಣ್ಣ ಸೌರಫಲಕವೊಂದನ್ನು ಐಚ್ಛಿಕವಾಗಿ ಕೊಡುತ್ತಿದ್ದರು. ಅದು ಹೈಬ್ರಿಡ್ ಬ್ಯಾಟರಿಯ ಗೊಡವೆಗೇ ಹೋಗುತ್ತಿರಲಿಲ್ಲ. ಕಾರು ಬಿಸಿಲಿನಲ್ಲಿ ನಿಂತಾಗ ಒಳಗೊಂದು ಫ್ಯಾನ್ ತಿರುಗಿಸಿ, ಕಾದ ಗಾಳಿಯನ್ನು ಹೊರಗೆ ತಳ್ಳಿ, ಒಳಗಿನ ತಾಪವನ್ನು ಹೊರಗಿನ ತಾಪದ ಹತ್ತಿರಕ್ಕೆ ತರುವುದಷ್ಟೇ ಅದರ ಕೆಲಸ. 2017ರಲ್ಲಿ ಜಪಾನ್‌ನಲ್ಲಿ ಬಿಡುಗಡೆಯಾದ ಪ್ರಿಯಸ್ ಪಿಎಚ್‌ವಿ ಎಂಬ ಪ್ಲಗ್-ಇನ್ ಕಾರಿನಲ್ಲಿ ಪ್ಯಾನಾಸೋನಿಕ್ ತಯಾರಿಸಿದ 180 ವ್ಯಾಟ್‌ನ ಫಲಕ ಬಂತು. ಓಡಿಸುವ ಬ್ಯಾಟರಿಗೇ ವಿದ್ಯುತ್ ತುಂಬುವ ಈ ವ್ಯವಸ್ಥೆಯಿಂದ ದಿನಕ್ಕೆ ಸರಾಸರಿ 2.9 ಕಿಲೋಮೀಟರ್, ಹೆಚ್ಚೆಂದರೆ 6.1 ಕಿಲೋಮೀಟರ್ ಓಡಬಹುದೆಂದು ಕಂಪನಿ ಹೇಳಿತ್ತು. ಆ ಚಾವಣಿ ಆಗ ಅಮೆರಿಕಕ್ಕೆ ಬರಲಿಲ್ಲ. ಈಗ ಬಂದಿರುವ 185 ವ್ಯಾಟ್‌ನ ಫಲಕದಿಂದ ವರ್ಷಕ್ಕೆ ಸುಮಾರು 1,250 ಕಿಲೋಮೀಟರ್‌ಗೆ ಸಾಕಾಗುವಷ್ಟು ವಿದ್ಯುತ್ ಸಿಗುತ್ತದೆ ಎಂಬುದು ಕಂಪನಿಯ ಅಂದಾಜು.

ವಸ್ತುವಿನ ಗುಣಮಟ್ಟದ ಬಗ್ಗೆ ನನ್ನ ತಕರಾರೇನೂ ಇಲ್ಲ. ಗಾಜಿನ ಕೆಳಗೆ ಕಪ್ಪು ಕೋಶಗಳು ಚಾವಣಿಯ ಬಾಗಿಗೆ ಹೊಂದಿಕೊಂಡು ಕೂತಿವೆ, ಆಮೇಲೆ ಅಂಟಿಸಿದ ವಸ್ತುವಿನಂತೆ ಎಲ್ಲಿಯೂ ಕಾಣುವುದಿಲ್ಲ. ಒತ್ತಬೇಕಾದ ಗುಂಡಿಯಾಗಲಿ ಜೋಡಿಸಬೇಕಾದ ತಂತಿಯಾಗಲಿ ಇಲ್ಲ. ಕಾರು ನಿಲ್ಲಿಸಿ ಬೀಗ ಹಾಕಿ ಹೊರಟರೆ ಬೆಳಕು ಬಿದ್ದಷ್ಟು ಹೊತ್ತೂ ವಿದ್ಯುತ್ ಬ್ಯಾಟರಿಗೆ ಸೇರುತ್ತಿರುತ್ತದೆ. ಕಚೇರಿಯ ಬಯಲು ಪಾರ್ಕಿಂಗ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತ ಕಾರು ಒಳ್ಳೆಯ ಬಿಸಿಲಿನ ದಿನಗಳಲ್ಲಿ ಎರಡರಿಂದ ಮೂರು ಮೈಲಿಯಷ್ಟನ್ನು ಗಳಿಸಿಕೊಂಡಿರುತ್ತದೆ. ಆದರೆ ಈ ಗಳಿಕೆ ಎಷ್ಟು ಸೂಕ್ಷ್ಮವೆಂಬುದು ಪಾರ್ಕಿಂಗ್ ಜಾಗ ಬದಲಾದಾಗ ತಿಳಿಯುತ್ತದೆ. ಇಲ್ಲಿನ ಪಾರ್ಕಿಂಗ್ ಬಯಲುಗಳಲ್ಲಿ ಸಾಮಾನ್ಯವಾಗಿ ನೆಟ್ಟಿರುವ ಪಾಲೊ ವರ್ಡೆ ಮರದ ಎಲೆಗಳು ತೀರ ಸಣ್ಣವು, ಅದರ ನೆರಳನ್ನು ನೆರಳೆಂದು ಕರೆಯುವುದೂ ಕಷ್ಟ. ಆದರೂ ಅದರ ಒಂದು ರೆಂಬೆಯ ನೆರಳು ಚಾವಣಿಯ ಮೂಲೆಯ ಮೇಲೆ ಮಧ್ಯಾಹ್ನವೆಲ್ಲ ಬಿದ್ದ ದಿನ ಗಳಿಕೆ ಎದ್ದು ಕಾಣುವಷ್ಟು ಇಳಿಯುತ್ತದೆ. ಕೋಶಗಳನ್ನು ಸಾಲಾಗಿ ಒಂದರ ಬೆನ್ನಿಗೊಂದು ಜೋಡಿಸಿರುವುದರಿಂದ ನೆರಳಿಗೆ ಸಿಕ್ಕ ಒಂದು ಕೋಶ ತನ್ನ ಸಾಲನ್ನೇ ಹಿಡಿದು ನಿಲ್ಲಿಸುತ್ತದೆ. ಮುಚ್ಚಿದ ಜಾಗ ಹತ್ತನೆಯ ಒಂದು ಪಾಲಾಗಿದ್ದರೂ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು. ಜುಲೈ, ಆಗಸ್ಟ್ ತಿಂಗಳ ಮಾನ್ಸೂನ್ ಕಾಲದಲ್ಲಿ ಇಲ್ಲಿ ಧೂಳಿನ ಬಿರುಗಾಳಿ ಎದ್ದು, ಹಿಂದೆಯೇ ನಾಲ್ಕು ಹನಿ ಮಳೆ ಉದುರಿತೆಂದರೆ ಗಾಜಿನ ಮೇಲೆ ಕೆಮ್ಮಣ್ಣಿನ ಪದರ ಕೂರುತ್ತದೆ. ಅದನ್ನು ಒರೆಸದೆ ಬಿಟ್ಟರೂ ಇದೇ ಪಾಡು.

ಇನ್ನು ಲೆಕ್ಕಕ್ಕೆ ಬರೋಣ. ಕಂಪನಿಯ 1,250 ಕಿಲೋಮೀಟರ್ ಎಂದರೆ 776 ಮೈಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಳತೆಯಂತೆ ಈ ಶ್ರೇಣಿಯ ಕಾರು 100 ಮೈಲಿ ಓಡಲು ಸುಮಾರು 30 ಯೂನಿಟ್ ವಿದ್ಯುತ್ ಬಳಸುತ್ತದೆ. ಅಂದರೆ ಚಾವಣಿಯ ವಾರ್ಷಿಕ ಗಳಿಕೆ 230 ಯೂನಿಟ್‌ನ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ ಹಂಚಿದರೆ ಮುಕ್ಕಾಲು ಯೂನಿಟ್ ಕೂಡ ಆಗುವುದಿಲ್ಲ. ಕಾರಿನ ಬ್ಯಾಟರಿ 13.6 ಯೂನಿಟ್‌ನದು. ಬರಿದಾದ ಬ್ಯಾಟರಿಯನ್ನು ಬಿಸಿಲಿನಿಂದಲೇ ತುಂಬಿಸಬೇಕೆಂದರೆ ಕಾರನ್ನು ಸುಮಾರು ಮೂರು ವಾರ ಅಲ್ಲಾಡಿಸದೆ ಬಯಲಿನಲ್ಲಿ ನಿಲ್ಲಿಸಬೇಕು. ಮನೆಯಲ್ಲಿ ಪ್ಲಗ್ ಇರುವವರು ಈ 230 ಯೂನಿಟ್ ಕೊಳ್ಳಲು ಯೂನಿಟ್‌ಗೆ 15 ಸೆಂಟ್‌ನಂತೆ ಕೊಡುವುದು ವರ್ಷಕ್ಕೆ 35 ಡಾಲರ್‌ಗಿಂತ ಕಡಿಮೆ, ಆದ್ದರಿಂದ ಅವರ 610 ಡಾಲರ್ ಹಿಂತಿರುಗಲು 17 ವರ್ಷಕ್ಕೂ ಹೆಚ್ಚು ಬೇಕು. ಅಪಾರ್ಟ್‌ಮೆಂಟಿನಲ್ಲಿದ್ದು ಪ್ಲಗ್ಗೇ ಇಲ್ಲದವರ ಲೆಕ್ಕ ಬೇರೆ. ಅವರಿಗೆ ಸೌರ ವಿದ್ಯುತ್ತಿನಿಂದ ಉಳಿಯುವುದು ಪೆಟ್ರೋಲ್. ಗ್ಯಾಲನ್‌ಗೆ 48 ಮೈಲಿ ಕೊಡುವ ಈ ಕಾರಿನಲ್ಲಿ 776 ಮೈಲಿಗೆ 16 ಗ್ಯಾಲನ್ ಬೇಕಾಗುತ್ತಿತ್ತು. ಗ್ಯಾಲನ್‌ಗೆ ನಾಲ್ಕು ಡಾಲರ್ ಎಂದಿಟ್ಟುಕೊಂಡರೂ ವರ್ಷಕ್ಕೆ 64 ಡಾಲರ್ ಉಳಿದು, ಹತ್ತು ವರ್ಷದೊಳಗೆ ಹಾಕಿದ ಹಣ ಕೈ ಸೇರುತ್ತದೆ. ಮನೆಯಲ್ಲಿ ದಿನಾ ರಾತ್ರಿ ಪ್ಲಗ್ ಹಾಕುವವರಿಗೆ ಇನ್ನೊಂದು ತೊಡಕೂ ಇದೆ. ಬ್ಯಾಟರಿ ತುಂಬಿರುವಾಗ ಬಿದ್ದ ಬಿಸಿಲಿಗೆ ಸೇರುವ ಜಾಗವೇ ಇರುವುದಿಲ್ಲ. ಬೆಳಿಗ್ಗೆ ತುಂಬಿದ ಬ್ಯಾಟರಿಯೊಂದಿಗೆ ಮನೆಯ ಮುಂದೆ ನಿಂತ ಕಾರಿನ ಚಾವಣಿ ಆ ದಿನವೆಲ್ಲ ಸುಮ್ಮನೆ ಕಾಯುತ್ತದೆ, ಅಷ್ಟೆ.

ಫೀನಿಕ್ಸ್‌ನ ಬಿಸಿಲು ಜಪಾನ್‌ನ ಬಿಸಿಲಿಗಿಂತ ಪ್ರಖರ, ಆದ್ದರಿಂದ ಇಲ್ಲಿ ಕಂಪನಿಯ ಅಂದಾಜಿಗಿಂತ ತುಸು ಹೆಚ್ಚೇ ಸಿಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬೆಳಕಿನ ಮಟ್ಟಿಗೆ ಅದು ನಿಜ. ಆದರೆ ಬೆಳಕಿನ ಜೊತೆಗೆ ಬರುವ ತಾಪವನ್ನು ಮರೆಯಬಾರದು. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬೆಂಗಳೂರಿನ ತಾರಸಿಗಳ ಮೇಲೆ ನಾವು ಕಂಡು ಬೆಳೆದಿರುವ ಸೋಲಾರ್ ವಾಟರ್ ಹೀಟರ್‌ಗೆ ಕಾದಷ್ಟೂ ಲಾಭ. ವಿದ್ಯುತ್ ಕೊಡುವ ಸೌರಫಲಕಕ್ಕೆ ಬೆಳಕು ಬೇಕೇ ಹೊರತು ಕಾವು ಬೇಡ. ಸಿಲಿಕಾನ್ ಕೋಶದ ತಾಪ 25 ಡಿಗ್ರಿ ಸೆಲ್ಸಿಯಸ್‌ಗಿಂತ ಏರಿದ ಪ್ರತಿ ಡಿಗ್ರಿಗೂ ಅದರ ಉತ್ಪಾದನೆ ಸುಮಾರು ಶೇಕಡಾ 0.3ರಿಂದ 0.4ರಷ್ಟು ಕುಗ್ಗುತ್ತದೆ. ಮನೆಯ ಚಾವಣಿಯ ಫಲಕದ ಕೆಳಗೆ ಗಾಳಿಯಾಡಲು ಜಾಗವಿರುತ್ತದೆ; ಕಾರಿನ ಚಾವಣಿಗೆ ಒತ್ತಿಕೊಂಡ ಫಲಕಕ್ಕೆ ಆ ಅನುಕೂಲವಿಲ್ಲ. ಅದು 65 ಡಿಗ್ರಿಗೆ ಕಾದರೆ ಉತ್ಪಾದನೆಯಲ್ಲಿ ಶೇಕಡಾ 12ರಿಂದ 16ರಷ್ಟು ಅಲ್ಲಿಯೇ ಕಳೆದುಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಕಾರಿನ ಒಳಗಿದೆ, ಮತ್ತು ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದೂ ಅದೇ. ಚಾವಣಿ ದುಡಿಯಬೇಕಾದರೆ ಕಾರು ಬಿಸಿಲಿನಲ್ಲಿ ನಿಲ್ಲಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಸ್ಟಿಯರಿಂಗ್ ಜೂನ್ ತಿಂಗಳ ಸಂಜೆ ಐದಕ್ಕೆ ಬರಿಗೈಯಲ್ಲಿ ಹಿಡಿಯಲು ಆಗದಷ್ಟು ಸುಡುತ್ತಿರುತ್ತದೆ, ಸೀಟ್ ಬೆಲ್ಟಿನ ಲೋಹದ ಕೊಂಡಿಯನ್ನು ಬಟ್ಟೆ ಸುತ್ತಿ ಹಿಡಿಯಬೇಕಾಗುತ್ತದೆ. ಆಗ ಎ.ಸಿ. ಹಾಕಿದರೆ ಒಳಗಿನ ಕಾವು ಇಳಿಯುವವರೆಗೆ ಅದು ಎರಡು ಕಿಲೋವ್ಯಾಟ್‌ನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಕಾಲು ಗಂಟೆ ಹಾಗೆ ಓಡಿದರೆ ಅರ್ಧ ಯೂನಿಟ್ ಖರ್ಚು. ನೆರಳಿನಲ್ಲಿ ನಿಂತಿದ್ದರೂ ಇಲ್ಲಿನ ಬೇಸಿಗೆಯಲ್ಲಿ ಎ.ಸಿ. ಇಲ್ಲದೆ ಆಗದು, ನಿಜ. ಆದರೆ ನೆರಳಿನಲ್ಲಿದ್ದ ಕಾರು ತಣ್ಣಗಾಗಲು ಹಿಡಿಯುವ ಹೊತ್ತು ಬಹಳ ಕಡಿಮೆ. ಇಡೀ ದಿನ ಚಾವಣಿ ದುಡಿದು ಕೂಡಿಟ್ಟ ಮುಕ್ಕಾಲು ಯೂನಿಟ್‌ನಲ್ಲಿ ಬಹುಪಾಲನ್ನು, ಚಾವಣಿಗಾಗಿ ಕಾರನ್ನು ಬಿಸಿಲಿಗೆ ಬಿಟ್ಟ ತಪ್ಪಿಗೆ, ಮನೆಗೆ ಹೊರಟ ಮೊದಲ ಹದಿನೈದು ನಿಮಿಷದಲ್ಲೇ ತೆರಬೇಕಾಗುತ್ತದೆ. ಜೊತೆಗೆ ಲಿಥಿಯಂ ಬ್ಯಾಟರಿಗೂ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿಗೂ, ಟೈರಿನ ರಬ್ಬರಿಗೂ ತಾಪ ಒಳ್ಳೆಯದಲ್ಲ. ಇದನ್ನು ನೋಡಿದಾಗ 2009ರ ಆ ಸಣ್ಣ ಫಲಕದ ಫ್ಯಾನ್ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ. ಬಿಸಿಲಿನ ಕಾವಿಗೆ ಬಿಸಿಲಿನಿಂದಲೇ ಪರಿಹಾರ ಹುಡುಕಿದ, ಮರುಭೂಮಿಯ ಊರುಗಳಿಗೆ ಹೇಳಿ ಮಾಡಿಸಿದಂಥ ಯೋಜನೆ ಅದು.

ಕೊಳ್ಳುವ ಮೊದಲು ನೋಡಬೇಕಾದ ಇನ್ನೊಂದು ವಿಷಯ ಚಕ್ರದ್ದು. ಷೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸೌರ ಚಾವಣಿ ಸಿಗುವುದು 19 ಇಂಚಿನ ಚಕ್ರಗಳ ದುಬಾರಿ ಶ್ರೇಣಿಯಲ್ಲಿ ಮಾತ್ರ. ಎಲ್ಲಕ್ಕಿಂತ ಅಗ್ಗದ ಎಸ್‌ಇ ಶ್ರೇಣಿಗೆ 17 ಇಂಚಿನ ಚಕ್ರಗಳಿದ್ದು, ಅದು ಒಂದು ಚಾರ್ಜಿನಲ್ಲಿ 44 ಮೈಲಿ ಓಡುತ್ತದೆ. ದುಬಾರಿ ಶ್ರೇಣಿ ಓಡುವುದು 39 ಮೈಲಿ. ಪೆಟ್ರೋಲಿನಲ್ಲಿ ಎಸ್‌ಇ ಗ್ಯಾಲನ್‌ಗೆ 52 ಮೈಲಿ, ಇದು 48. ವಿದ್ಯುತ್ತಿನ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ 100 ಮೈಲಿಗೆ ಸುಮಾರು ಮೂರು ಯೂನಿಟ್. ಹಾಗಾಗಿ ವರ್ಷಕ್ಕೆ 7,500 ಮೈಲಿಯನ್ನು ವಿದ್ಯುತ್ತಿನಲ್ಲೇ ಓಡಿಸುವವರು, ಅಂದರೆ ಕೆಲಸದ ದಿನಗಳಲ್ಲಿ 30 ಮೈಲಿಯಷ್ಟು ಓಡಿಸುವವರು, ಅಗ್ಗದ ಕಾರಿಗಿಂತ ಸುಮಾರು 225 ಯೂನಿಟ್ ಹೆಚ್ಚು ಸುಡುತ್ತಾರೆ. ಚಾವಣಿ ವರ್ಷವಿಡೀ ದುಡಿದು ತರುವುದೂ ಹೆಚ್ಚುಕಡಿಮೆ ಅಷ್ಟೇ! ದೊಡ್ಡ ಚಕ್ರ, ಹೆಚ್ಚಿನ ತೂಕ, ಇತರ ಅಲಂಕಾರಗಳು ಸೇರಿ ಕಸಿದುಕೊಂಡದ್ದನ್ನು ಸೌರಫಲಕ ತುಂಬಿಕೊಡುತ್ತಿದೆ ಎಂದಷ್ಟೇ ಹೇಳಬಹುದು. ಇಂಧನ ಉಳಿಸಬೇಕೆಂಬ ಕಾಳಜಿಯಿಂದ ಈ ಚಾವಣಿಯತ್ತ ಆಕರ್ಷಿತರಾದವರು ಚಾವಣಿಯೇ ಇಲ್ಲದ ಎಸ್‌ಇ ಕೊಂಡರೆ ಅಷ್ಟೇ ಉಳಿಸುತ್ತಾರೆ, ಅದೂ ಸಾವಿರಾರು ಡಾಲರ್ ಕಡಿಮೆ ಬೆಲೆಗೆ.

ಇದು ಒಂದೇ ಕಂಪನಿಯ ಪರಿಪಾಠವೇನೂ ಅಲ್ಲ. 2019ರಲ್ಲಿ ಕೊರಿಯಾದಲ್ಲಿ ಬಿಡುಗಡೆಯಾಗಿ, ಮರುವರ್ಷದ ಮಾದರಿಯಾಗಿ ಅಮೆರಿಕಕ್ಕೆ ಬಂದ ಹ್ಯುಂಡೈ ಸೊನಾಟಾ ಹೈಬ್ರಿಡ್‌ನಲ್ಲಿಯೂ ಸೌರ ಚಾವಣಿ ಇಲ್ಲಿ ದೊರೆತದ್ದು ಲಿಮಿಟೆಡ್ ಎಂಬ ದುಬಾರಿ ಶ್ರೇಣಿಯಲ್ಲಿ. ಅದರ ಮೈಲೇಜ್ ಗ್ಯಾಲನ್‌ಗೆ 47 ಮೈಲಿ. ಚಾವಣಿಯಿಲ್ಲದ ಬ್ಲೂ ಎಂಬ ಅಗ್ಗದ ಶ್ರೇಣಿಯದು 52. ಸೊನಾಟಾದ ವಿಶೇಷವೆಂದರೆ ಅದು ಪ್ಲಗ್ ಇಲ್ಲದ ಸಾಮಾನ್ಯ ಹೈಬ್ರಿಡ್. ಅದರ ಬ್ಯಾಟರಿ 1.56 ಯೂನಿಟ್‌ನದು, ಅದರ ಶೇಕಡಾ 30ರಿಂದ 60ರಷ್ಟನ್ನು ಚಾವಣಿ ಒಂದು ದಿನದಲ್ಲಿ ತುಂಬಬಲ್ಲದು, ದಿನಕ್ಕೆ ಆರು ಗಂಟೆ ಬಿಸಿಲು ಸಿಕ್ಕರೆ ವರ್ಷಕ್ಕೆ 1,300 ಕಿಲೋಮೀಟರ್ ಹೆಚ್ಚು ಓಡಬಹುದು ಎಂಬುದು ಹ್ಯುಂಡೈನ ಹೇಳಿಕೆ. ಸಾಮಾನ್ಯ ಹೈಬ್ರಿಡ್‌ನ ಬ್ಯಾಟರಿಯನ್ನು ಕಂಪ್ಯೂಟರ್ ಯಾವಾಗಲೂ ಪೂರ್ತಿ ತುಂಬಿಸದೆ, ಪೂರ್ತಿ ಬರಿದಾಗಿಸದೆ ಒಂದು ನಡು ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಹಿಂತಿರುಗುವ ಶಕ್ತಿಗೂ ಅದರಲ್ಲಿ ಜಾಗ ಬೇಕು. ಆದ್ದರಿಂದ ವಾರಾಂತ್ಯದಲ್ಲಿ ಎರಡು ದಿನ ನಿಂತ ಕಾರಿನಲ್ಲಿ ಎರಡನೆಯ ದಿನದ ಬಿಸಿಲಿನ ದೊಡ್ಡ ಪಾಲು ವ್ಯರ್ಥವಾಗುತ್ತದೆ. ಸೌರ ಚಾವಣಿಗೆ ಸರಿಯಾದ ಜೋಡಿ ದೊಡ್ಡ ಬ್ಯಾಟರಿಯ ಪ್ಲಗ್-ಇನ್ ಹೈಬ್ರಿಡ್ಡೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಮತ್ತು ಆ ದೃಷ್ಟಿಯಿಂದ ಪ್ರಿಯಸ್‌ನ ವ್ಯವಸ್ಥೆ ಸೊನಾಟಾಕ್ಕಿಂತ ಮೇಲು.

ಫಲಕಗಳು ಸುಧಾರಿಸಿದರೆ ಈ ಲೆಕ್ಕವೆಲ್ಲ ಬದಲಾಗಬಹುದು. 2019ರ ಜುಲೈಯಲ್ಲಿ ಜಪಾನ್‌ನ ಇಂಧನ ಸಂಶೋಧನಾ ಸಂಸ್ಥೆ ನೆಡೊ, ಶಾರ್ಪ್ ಮತ್ತು ಟೊಯೋಟಾ ಸೇರಿ ಪ್ರಿಯಸ್ ಪಿಎಚ್‌ವಿಯ ಚಾವಣಿ, ಬಾನೆಟ್ ಮತ್ತು ಹಿಂಬದಿಗೆಲ್ಲ ಶೇಕಡಾ 34ಕ್ಕೂ ಹೆಚ್ಚು ದಕ್ಷತೆಯ ಕೋಶಗಳನ್ನು ಹೊದಿಸಿ, ಒಟ್ಟು 860 ವ್ಯಾಟ್‌ನ ಪ್ರಾಯೋಗಿಕ ಕಾರನ್ನು ರಸ್ತೆಗಿಳಿಸಿದವು. ನಿಂತಲ್ಲೇ ದಿನಕ್ಕೆ 44.5 ಕಿಲೋಮೀಟರ್‌ಗೆ ಸಾಲುವಷ್ಟು, ಓಡುತ್ತಲೂ ಚಾರ್ಜ್ ಆಗುವ ಲೆಕ್ಕ ಸೇರಿದರೆ 56.3 ಕಿಲೋಮೀಟರ್‌ವರೆಗೆ ಸಾಲುವಷ್ಟು ವಿದ್ಯುತ್ ಅದರಿಂದ ನಿರೀಕ್ಷಿಸಲಾಗಿತ್ತು. ದಿನಕ್ಕೆ ನಲವತ್ತು ಕಿಲೋಮೀಟರ್ ಎಂದರೆ ಬಹುಪಾಲು ಜನರ ಓಡಾಟ ಮುಗಿದಂತೆಯೇ. ಆದರೆ ಅಂಥ ಕೋಶಗಳನ್ನು ಮುಖ್ಯವಾಗಿ ಬಳಸುತ್ತಿದ್ದುದು ಉಪಗ್ರಹಗಳಿಗೆ, ಅವುಗಳ ಬೆಲೆ ಮಾಮೂಲಿ ಕಾರಿಗೆ ನಿಲುಕುವಂಥದ್ದಲ್ಲ.

ಕರ್ನಾಟಕದ ಓದುಗರಿಗೆ ಈ ವಿಷಯ ದೂರದ್ದೇನಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಮತ್ತು ಹೈರೈಡರ್ ಹೈಬ್ರಿಡ್‌ಗಳು ರಾಜ್ಯದ ರಸ್ತೆಗಳಲ್ಲಿ ಈಗ ಸಾಮಾನ್ಯ, ಮತ್ತು ಅವುಗಳ ಮೇಲೊಂದು ಸೋಲಾರ್ ಹಾಕಿಸಬಹುದೇ ಎಂದು ಊರಿನ ಬಂಧುಗಳು ನನ್ನನ್ನು ಕೇಳುವುದುಂಟು. ನನ್ನ ಉತ್ತರ ಬೇಡವೆಂದೇ. ಹೈರೈಡರ್‌ನ ಬ್ಯಾಟರಿ ಒಂದು ಯೂನಿಟ್ಟಿಗೂ ಕಡಿಮೆ, ಅದರಲ್ಲೂ ಸ್ವಲ್ಪ ಭಾಗವನ್ನಷ್ಟೇ ಕಾರು ಬಳಸುತ್ತದೆ. ಅದು 150 ವೋಲ್ಟ್‌ಗೂ ಮೀರಿದ ಬ್ಯಾಟರಿ. ಹೊರಗಿನ ಫಲಕದಿಂದ ಅದಕ್ಕೆ ವಿದ್ಯುತ್ ಸೇರಿಸಬೇಕೆಂದರೆ ಪ್ರಾಣಾಪಾಯವಿರುವ ವೈರಿಂಗ್‌ಗೆ ಕೈ ಹಾಕಬೇಕು, ಕಂಪನಿಯ ವಾರಂಟಿಯ ಆಸೆ ಬಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ಅಂಟಿಸಬಹುದಾದ ತೆಳು ಸೌರಫಲಕಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವನ್ನು 12 ವೋಲ್ಟ್‌ನ ಚಿಕ್ಕ ಬ್ಯಾಟರಿಗೆ ಸರಿಯಾದ ಚಾರ್ಜ್ ಕಂಟ್ರೋಲರ್ ಮೂಲಕ ಜೋಡಿಸಿದರೆ, ತಿಂಗಳುಗಟ್ಟಲೆ ನಿಲ್ಲುವ ಕಾರಿನ ಆ ಬ್ಯಾಟರಿ ಇಳಿದುಹೋಗದಂತೆ ಕಾಯುತ್ತವೆ. ಮೈಲೇಜ್ ಹೆಚ್ಚುತ್ತದೆಂದು ಹೇಳಿ ಮಾರುವವರನ್ನು ಮಾತ್ರ ನಂಬಬಾರದು.

ಹವೆಯ ದೃಷ್ಟಿಯಿಂದ ನೋಡಿದರೆ ಇಂಥ ಚಾವಣಿಗೆ ಫೀನಿಕ್ಸ್‌ಗಿಂತ ಬೆಂಗಳೂರು, ಮೈಸೂರುಗಳೇ ಹೆಚ್ಚು ಒಗ್ಗುತ್ತವೆ. ಬೆಳಕು ಧಾರಾಳ, ತಾಪ ಹಿತಮಿತ. ಬಿಸಿಲಿನಲ್ಲಿ ನಿಂತ ಕಾರನ್ನು ತಣಿಸುವ ಖರ್ಚು ಇಲ್ಲಿಯಷ್ಟಿರುವುದಿಲ್ಲ. ಅಡ್ಡಿ ಬೇರೆ ಕಡೆಯಿದೆ. ಅಪಾರ್ಟ್‌ಮೆಂಟಿನ ಕಾರುಗಳು ನೆಲಮಾಳಿಗೆಯಲ್ಲಿ ನಿಲ್ಲುತ್ತವೆ, ಬೀದಿಯ ಕಾರುಗಳು ಮಳೆಮರ, ಹೊಂಗೆಗಳ ಕೆಳಗೆ. ಆ ನೆರಳನ್ನು ಬಿಟ್ಟು ಕಾರನ್ನು ಬಿಸಿಲಿಗೆ ಎಳೆಯುವಂತೆ ನಾನು ಯಾರಿಗೂ ಹೇಳಲಾರೆ.

ಅದೇ ಸೌರಫಲಕವನ್ನು ಕಾರಿನ ಮೇಲೆ ಹೊರಿಸುವ ಬದಲು ಕಾರಿಗೆ ನೆರಳಾಗಿ ಕಟ್ಟುವುದು ಇದಕ್ಕಿಂತ ಎಷ್ಟೋ ಮೇಲಾದ ದಾರಿ. ಇಲ್ಲೇ ಟೆಂಪೆಯಲ್ಲಿರುವ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪಾರ್ಕಿಂಗ್ ಬಯಲುಗಳ ಮೇಲೆ ಎತ್ತರದ ಕಂಬಗಳ ಮೇಲೆ ಸೌರಫಲಕದ ಚಪ್ಪರ ಹಾಕಿದ್ದಾರೆ. ಕೊಚ್ಚಿ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿಯೂ ಅಂಥದ್ದಿದೆ. ಚಪ್ಪರದ ಫಲಕದ ಕೆಳಗೆ ಗಾಳಿಯಾಡುತ್ತದೆ, ಅದನ್ನು ಸೂರ್ಯನ ಕಡೆಗೆ ವಾಲಿಸಬಹುದು, ಕೆಳಗೆ ನಿಂತ ಕಾರು ತಣ್ಣಗಿರುತ್ತದೆ, ಕಾರಿಗೆ ಬೇಡವಾದ ವಿದ್ಯುತ್ ಗ್ರಿಡ್‌ಗೆ ಸೇರುತ್ತದೆ. 185 ವ್ಯಾಟ್‌ನಷ್ಟೇ ಫಲಕ ಫೀನಿಕ್ಸ್‌ನ ಮನೆಯೊಂದರ ಮೇಲೆ ದಕ್ಷಿಣಕ್ಕೆ ವಾಲಿ ಕೂತರೆ ವರ್ಷಕ್ಕೆ 300 ಯೂನಿಟ್ ದಾಟುತ್ತದೆ, ಅದರಲ್ಲಿ ಒಂದು ಯೂನಿಟ್ಟೂ ಬ್ಯಾಟರಿ ತುಂಬಿದೆಯೆಂಬ ಕಾರಣಕ್ಕೆ ಪೋಲಾಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಈ ಚಾವಣಿ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಸ್ಯಾನ್ ಡಿಯಾಗೋದಂಥ ಹಿತವಾದ ಹವೆಯ ಊರಿನಲ್ಲಿದ್ದು, ಬಾಡಿಗೆ ಮನೆಯಲ್ಲಿ ಪ್ಲಗ್ ಇಲ್ಲದೆ, ಬಯಲಿನಲ್ಲೇ ಕಾರು ನಿಲ್ಲಿಸುವವರಿಗೆ, ದಿನಕ್ಕೆ ಮೂರು ನಾಲ್ಕು ಮೈಲಿಯ ಓಡಾಟವಷ್ಟೇ ಇರುವ ಹಿರಿಯರಿಗೆ, ಎಕ್ಸ್‌ಎಸ್‌ಇ ಪ್ರೀಮಿಯಂ ಶ್ರೇಣಿಯನ್ನೇ ಕೊಳ್ಳಬೇಕೆಂದು ಬೇರೆ ಕಾರಣಕ್ಕೆ ತೀರ್ಮಾನಿಸಿದವರಿಗೆ 610 ಡಾಲರ್ ಹೆಚ್ಚಲ್ಲ. ಅಂಥವರು ಧಾರಾಳವಾಗಿ ಕೊಳ್ಳಬಹುದು. ಫೀನಿಕ್ಸ್, ಟೂಸಾನ್, ಲಾಸ್ ವೇಗಸ್‌ಗಳಲ್ಲಿರುವವರು ಆ ಹಣದಲ್ಲಿ ಮುಚ್ಚಿದ ಪಾರ್ಕಿಂಗ್ ಜಾಗವೊಂದನ್ನು ಬಾಡಿಗೆಗೆ ಹಿಡಿಯುವುದು ವಾಸಿ. ಟೊಯೋಟಾದವರು ಈ ಚಾವಣಿಯನ್ನು 17 ಇಂಚಿನ ಚಕ್ರಗಳ ಎಸ್‌ಇ ಶ್ರೇಣಿಗೂ ಕೊಡಬೇಕು, ಬ್ಯಾಟರಿ ತುಂಬಿದಾಗ ಅದೇ ವಿದ್ಯುತ್ತಿನಿಂದ ನಿಂತ ಕಾರಿನ ಬಿಸಿ ಗಾಳಿಯನ್ನು ಹೊರಗೆ ತಳ್ಳುವ ಹಳೆಯ ಫ್ಯಾನ್ ವ್ಯವಸ್ಥೆಯನ್ನು ಮತ್ತೆ ತರಬೇಕು. ಇವೆರಡೂ ಆದ ದಿನ ಚಾಂಡ್ಲರ್‌ನಲ್ಲಿರುವವರಿಗೂ ಇದನ್ನು ಕೊಳ್ಳಿರೆಂದು ನಾನು ಯಾವ ಹಿಂಜರಿಕೆಯಿಲ್ಲದೆ ಹೇಳುತ್ತೇನೆ.